ಸೊನ್ನೆಯೂ ಖಾಲಿಯೂ ಒಂದೇ ಅಲ್ಲ

ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೊಡಗಿನ ಬೆಳೆಗಾರರಿಗೆ ಇದು ಹಳೇ ರೂಢಿ. ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಫೆಬ್ರವರಿ, ಮಾರ್ಚ್ ಹೊತ್ತಿನ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವತ್ತು ಬಂತು, ಎಷ್ಟು ಬಂತು ಅನ್ನುವುದರ ಮೇಲೆ ಫಸಲು ನಿಂತಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಆ ಪುಸ್ತಕಕ್ಕೆ ಪಾಸ್‌ಬುಕ್‌ಗಿಂತ ಜಾಸ್ತಿ ಬೆಲೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಎಷ್ಟೋ ಜನ ಮನೆ ಕಳೆದುಕೊಂಡರು. ನಮ್ಮ ಮನೆ ಉಳಿಯಿತು. ಆದರೆ ಅಟ್ಟದಲ್ಲಿದ್ದ ಪುಸ್ತಕಗಳು ನೆನೆದು, ಶಾಯಿ ಹರಡಿತ್ತು. ಇನ್ನು ತಡ ಮಾಡಬಾರದು ಅಂತ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಲು ಕುಳಿತೆ.

ಮೊದಲ ಸಂಜೆಯೇ ಕರೆಂಟ್ ಹೋಗಿ ಒಂದು ವರ್ಷದ ಲೆಕ್ಕ ಪೂರ್ತಿ ಹೋಯಿತು. ಆಮೇಲೆ ಒಂದೊಂದು ತಿಂಗಳು ಮುಗಿದ ಹಾಗೆ ಸೇವ್ ಮಾಡುವುದನ್ನು ಕಲಿತೆ. ಎರಡು ಇಂಚು ಐದು ಸೆಂಟ್ ಅಂದರೆ 2.05. ನಾನು ಎಷ್ಟೋ ಕಡೆ 2.5 ಅಂತ ಹೊಡೆದಿದ್ದೆ. ಅದನ್ನೂ ತಿದ್ದಿದೆ.

ಇಷ್ಟಾದರೂ ಒಂದು ಜುಲೈನ ಮೊತ್ತ ಅಪ್ಪನ ಲೆಕ್ಕಕ್ಕಿಂತ ಕಡಿಮೆ ಬರುತ್ತಿತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ಕಡೆಗೆ ಗೊತ್ತಾಯಿತು, ಕೆಲವು ಸೆಲ್‌ಗಳಲ್ಲಿ '3 ಇಂಚು' ಅಂತ ಅಕ್ಷರ ಸೇರಿಸಿ ಬರೆದಿದ್ದೆ. ಎಕ್ಸೆಲ್ ಅದನ್ನು ಅಂಕಿ ಅಂತ ನೋಡುವುದಿಲ್ಲ. ಕೂಡುವಾಗ ಸುಮ್ನೆ ಬಿಟ್ಟು ಹೋಗುತ್ತದೆ. ಕಣ್ಣೆದುರಿಗೇ ಇದೆ, ಆದರೆ ಲೆಕ್ಕದಲ್ಲಿಲ್ಲ.

ಅವತ್ತು ರಾತ್ರಿ ನನಗೆ ಅಣ್ಣನ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ಪಾಲು ಮಾಡುವಾಗ ನಾನು ಎಕರೆ ಎಣಿಸಿದೆ, ಕಾಫಿ ಗಿಡ ಎಣಿಸಿದೆ, ಮೆಣಸಿನ ಬಳ್ಳಿ ಎಣಿಸಿದೆ. ಓದು ಬಿಟ್ಟು ತೋಟ ನೋಡಿಕೊಂಡವನು ಅಣ್ಣ. ನನ್ನ ಕಾಲೇಜು ಫೀಸು ಕಟ್ಟಿದವನೂ ಅವನೇ. ಅದೆಲ್ಲ ಕಾಣುತ್ತಲೇ ಇತ್ತು. ಮೊತ್ತಕ್ಕೆ ಸೇರಿಸಲಿಲ್ಲ ಅಷ್ಟೇ. ಮಾತಿಗೆ ಮಾತು ಬೆಳೆಯಿತು. ಅವನು ಕುಶಾಲನಗರಕ್ಕೆ ಹೋದ.

ನೆನೆದ ಪುಟಗಳಲ್ಲಿ ಅಂಕಿ ಅಳಿಸಿದ ಕಡೆ ಮೊದಮೊದಲು ನಾನು ಸೊನ್ನೆ ಹಾಕುತ್ತಿದ್ದೆ. ಸರಾಸರಿ ತೆಗೆದಾಗ ತಪ್ಪು ಗೊತ್ತಾಯಿತು. ಸೊನ್ನೆ ಅಂದರೆ ಅವತ್ತು ಮಳೆ ಬರಲಿಲ್ಲ ಅಂತ. ಖಾಲಿ ಅಂದರೆ ಗೊತ್ತಿಲ್ಲ ಅಂತ. ಎಕ್ಸೆಲ್ ಸೊನ್ನೆಯನ್ನು ಒಂದು ದಿನ ಅಂತ ಎಣಿಸುತ್ತದೆ, ಖಾಲಿಯನ್ನು ಬಿಟ್ಟು ಸರಾಸರಿ ತೆಗೆಯುತ್ತದೆ. ಎರಡಕ್ಕೂ ಎಷ್ಟೊಂದು ವ್ಯತ್ಯಾಸ ಅಲ್ವಾ? ಅಣ್ಣ ಫೋನ್ ಮಾಡದ ದಿನಗಳಿಗೆಲ್ಲ ನಾನು ಸೊನ್ನೆ ಹಾಕಿಕೊಂಡು ಕುಳಿತಿದ್ದೆ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಟೈಪಿಂಗ್ ಮುಗಿದ ಮೇಲೆ ಒಂದು ಪ್ರತಿ ಬೇರೆ ಊರಿನಲ್ಲಿ ಇಡಬೇಕಿತ್ತು. ಕಂಪ್ಯೂಟರ್, ಪುಸ್ತಕ ಎರಡೂ ಒಂದೇ ಸೂರಿನಡಿ ಇದ್ದರೆ ಗುಡ್ಡ ಬಂದಾಗ ಎರಡೂ ಹೋಗುತ್ತವೆ. ಅಪ್ಪನ ಮಳೆ ಲೆಕ್ಕವನ್ನು ಜೋಪಾನ ಮಾಡುವವರು ಯಾರು ಅಂತ ಯೋಚಿಸಿದೆ. ಅಣ್ಣನ ಬಿಟ್ಟು ಇನ್ಯಾರೂ ಹೊಳೆಯಲಿಲ್ಲ. ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು, ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದೆ.

ಬಾಗಿಲು ತೆಗೆದವರು ಅತ್ತಿಗೆ. "ಒಳಗೆ ಬಾ, ಕಾಫಿ ಇಡ್ತೀನಿ" ಅಂದರು. ಅಣ್ಣನ ಹತ್ತಿರ "ನಾನು ಲೆಕ್ಕ ತಪ್ಪು ಹಾಕಿದ್ದೆ" ಅಂದೆ. ಅವನು ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಸ್ಕ್ರೀನ್ ನೋಡುತ್ತಾ ಕುಳಿತ. ಒಂದು ಮಾರ್ಚ್ ತಿಂಗಳ ಹತ್ತಿರ ಬೆರಳಿಟ್ಟ.

"ಇದ್ಯಾಕೆ ಖಾಲಿ?"

"ಶಾಯಿ ಹರಡಿತ್ತು. ಓದಲಾಗಲಿಲ್ಲ."

"ಅವತ್ತು ಅಪ್ಪನಿಗೆ ಜ್ವರ. ನಾನೇ ಅಳೆದದ್ದು. ಒಂದು ಇಂಚು ಎಪ್ಪತ್ತು ಸೆಂಟ್. ಹೂಮಳೆ ಅಂತ ಕುಣಿದುಬಿಟ್ಟಿದ್ವಿ, ನೀನೂ ಇದ್ದೆ."

ನಾನು 1.70 ಅಂತ ಹಾಕಿ ಸೇವ್ ಮಾಡಿದೆ.