ಹೊಸ ಡಿಸ್ಕ್ ಕಾಣುತ್ತಿಲ್ಲವೇ? ಅದು ಸತ್ತಿಲ್ಲ!

‘ಸರ್ರ, ನಿನ್ನೆ ಒಯ್ದ ಡಿಸ್ಕ್ ಸತ್ತೈತ್ರಿ. ಬದಲಿ ಮಾಡಿಕೊಡ್ರಿ.’

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಹತ್ತಿರ ಕಂಪ್ಯೂಟರ್ ರಿಪೇರಿಗೆ ಕೂತು ಹದಿನಾಲ್ಕು ವರ್ಷವಾಯಿತು. ಈ ಮಾತು ಕೇಳದ ತಿಂಗಳಿಲ್ಲ. ಆ ಡಿಸ್ಕನ್ನು ಇಸಿದುಕೊಂಡು ನನ್ನ ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಬಹಳ ಸಲ ಅದಕ್ಕೆ ಏನೂ ಆಗಿರುವುದಿಲ್ಲ. ಒಂದೋ ಕೇಬಲ್ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ವಿಂಡೋಸ್‌ನಲ್ಲಿ ಮಾಡಬೇಕಾದ ಎರಡು ನಿಮಿಷದ ಕೆಲಸ ಉಳಿದುಹೋಗಿರುತ್ತದೆ. ಡೆಸ್ಕ್‌ಟಾಪ್‌ಗೆ ಡಿಸ್ಕ್ ಹಾಕುವುದು ಮನೆಯಲ್ಲೇ ಆಗುವ ಕೆಲಸ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ತಾಸು ಪುರುಸೊತ್ತು ಇದ್ದರೆ ಸಾಕು.

ಮೊದಲು ಖರೀದಿ. ವಿಂಡೋಸ್ ಇರುವ ಡಿಸ್ಕ್ ಎಸ್ಎಸ್‌ಡಿಯೇ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡಿಸ್ಕ್) ಆಗಿರಲಿ, ಅದರಲ್ಲಿ ಎರಡು ಮಾತಿಲ್ಲ. ಸಾಟಾ ಎಸ್ಎಸ್‌ಡಿ, ಅಂದರೆ ಕೇಬಲ್ಲಿನಿಂದ ಮದರ್‌ಬೋರ್ಡಿಗೆ ಹಚ್ಚುವಂಥದು, ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಸಾಧಾರಣ ಹಾರ್ಡ್ ಡಿಸ್ಕ್ 200ರ ಆಸುಪಾಸಿಗೇ ಏದುಸಿರು ಬಿಡುತ್ತದೆ. ಫೋಟೊ, ವಿಡಿಯೊ ತುಂಬಿಡಲಿಕ್ಕೆ 3.5 ಇಂಚಿನ ಹಾರ್ಡ್ ಡಿಸ್ಕ್ ನಡೆಯುತ್ತದೆ. ಹೆಸರೇ ಕೇಳದ ಕಂಪನಿಯ 2 ಟಿಬಿ ಎಸ್ಎಸ್‌ಡಿ ಕಾಲು ಬೆಲೆಗೆ ಸಿಕ್ಕರೆ ಮಾತ್ರ ದೂರದಿಂದಲೇ ಕೈ ಮುಗಿಯಿರಿ. ಅಂಥದೊಂದನ್ನು ನಾನು ಬಿಚ್ಚಿ ನೋಡಿದ್ದೇನೆ. ಒಳಗಿದ್ದದ್ದು ಒಂದು ಮೆಮೊರಿ ಕಾರ್ಡ್, ಮೇಲೊಂದಿಷ್ಟು ಅಂಟು. ಇನ್ನೊಂದು ಮಾತು: ಡಿಸ್ಕಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಸಾಟಾ ಕೇಬಲ್ ಇರುವುದಿಲ್ಲ. ಅಂಗಡಿಯಲ್ಲೇ ಕೇಳಿ ತಗೊಳ್ಳಿ, ಮತ್ತೆ ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುವುದು ತಪ್ಪುತ್ತದೆ.

ಬೇಕಾದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಶಟ್‌ಡೌನ್ ಮಾಡಿ, ವೈರ್ ಪೂರ್ತಿ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಬಿಡಿ. ಕ್ಯಾಬಿನೆಟ್ಟಿನ ಮುಂದೆ ಕೂತರೆ ಎಡಕ್ಕೆ ಬರುವ ತಗಡು ಬಿಚ್ಚಿ. ಒಳಗೆ ನಮ್ಮ ಕಡೆಯ ಎರಿ ಮಣ್ಣಿನ ಧೂಳು ಬೆರಳು ದಪ್ಪ ಕೂತಿರುತ್ತದೆ, ಅಂಗಳಕ್ಕೆ ಒಯ್ದು ಒಣ ಪೇಂಟ್ ಬ್ರಷ್‌ನಿಂದ ಝಾಡಿಸಿ. ಒಳಗೆ ಕೈ ಹಾಕುವ ಮೊದಲು ಬಣ್ಣ ಇಲ್ಲದ ತಗಡನ್ನು ಮುಟ್ಟಿ. ಶಿವರಾತ್ರಿ ಹೊತ್ತಿನ ಒಣ ಹವೆಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ಜಾಸ್ತಿ.

ಹಾರ್ಡ್ ಡಿಸ್ಕ್ ತಿರುಗುವ ಯಂತ್ರ, ಅದಕ್ಕೆ ನಾಲ್ಕೂ ಸ್ಕ್ರೂ ಬೇಕು. ಎಸ್ಎಸ್‌ಡಿಯೊಳಗೆ ಅಲುಗಾಡುವುದು ಏನೂ ಇಲ್ಲ, ಎರಡು ಸ್ಕ್ರೂ ಸಾಕು. (ಡಬಲ್ ಟೇಪ್ ಹಚ್ಚಿದರೂ ನಡೆಯುತ್ತದೆ. ನಾನೂ ಹಚ್ಚಿದ್ದೇನೆ, ಗಿರಾಕಿಗೆ ಹೇಳುವುದಿಲ್ಲ.) ಹಾರ್ಡ್ ಡಿಸ್ಕಿನ ಸ್ಕ್ರೂ ದಪ್ಪ ಥ್ರೆಡ್ಡಿನದು, ಎಸ್ಎಸ್‌ಡಿಯದು ಸಣ್ಣ ಥ್ರೆಡ್ಡಿನದು. ಬೆರಳಿನಿಂದಲೇ ಎರಡು ಸುತ್ತು ಹೋಗದಿದ್ದರೆ ಅದು ಆ ತೂತಿನ ಸ್ಕ್ರೂ ಅಲ್ಲ.

ಈಗ ಕೇಬಲ್. ಸಣ್ಣ ಬಾಯಿಯದು ಡೇಟಾ, ಡಿಸ್ಕಿನಿಂದ ಮದರ್‌ಬೋರ್ಡಿಗೆ. ಅಗಲ ಬಾಯಿಯದು ಪವರ್, ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್‌ನಿಂದ ಡಿಸ್ಕಿಗೆ. ಎರಡರ ಬಾಯಿಯೂ ಇಂಗ್ಲಿಷಿನ ‘ಎಲ್’ ಅಕ್ಷರದ ಹಾಗೆ ಒಂದು ತುದಿಗೆ ಬಾಗಿರುತ್ತದೆ. ಆ ಬಾಗು ಎತ್ತ ಇದೆ ಎಂದು ಟಾರ್ಚ್ ಹಿಡಿದು ನೋಡಿಯೇ ಒತ್ತಿ. ಉಲ್ಟಾ ಹಿಡಿದು ಜೋರು ಮಾಡಿದರೆ ಡಿಸ್ಕಿನ ಕಡೆಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ, ವಾರಂಟಿಯೂ ಹೋಗುತ್ತದೆ. ಸಾಟಾ ಪವರ್ ಇಲ್ಲದ ಹಳೆ ಎಸ್‌ಎಂಪಿಎಸ್‌ಗೆ ಮೋಲೆಕ್ಸ್ (ಹಳೆ ನಾಲ್ಕು ಪಿನ್ನಿನ ಪ್ಲಗ್) ಕನ್ವರ್ಟರ್ ಕೊಡುತ್ತಾರೆ. ಅದರಲ್ಲಿ ವೈರುಗಳನ್ನು ಒಂದೇ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಿರುವ ನಮೂನೆ ಬೇಡವೇ ಬೇಡ. ಅದು ಒಳಗೊಳಗೇ ಶಾರ್ಟ್ ಆಗಿ ಸುಡುತ್ತದೆ. ಇನ್ನು ಕೇಬಲ್ ಬಿಚ್ಚಿ ಹಾಕಲು ಬರುವ ಎಸ್‌ಎಂಪಿಎಸ್ ಇದ್ದರೆ ಅದರ ಜೊತೆ ಬಂದ ಕೇಬಲ್ಲನ್ನೇ ಹಾಕಿ. ಬೇರೆಯದರ ಕೇಬಲ್ ಸಲೀಸಾಗಿ ಕೂತರೂ ಒಳಗಿನ ವೈರಿನ ಕ್ರಮ ಬೇರೆ ಇರಬಹುದು, ಆಗ ಡಿಸ್ಕ್ ಸುಟ್ಟೇಹೋಗುತ್ತದೆ.

ತಗಡು ಮುಚ್ಚಬೇಡಿ. ಹಾಗೇ ಆನ್ ಮಾಡಿ ಎಫ್2 ಅಥವಾ ಡಿಲೀಟ್ ಒತ್ತಿ ಬಯಾಸ್‌ಗೆ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆಗೆ) ಹೋಗಿ. ಡಿಸ್ಕಿನ ಹೆಸರು ಅಲ್ಲಿ ಕಂಡರೆ ಡಿಸ್ಕೂ ಸರಿ, ಕೇಬಲ್ಲೂ ಸರಿ. ಕಾಣದಿದ್ದರೆ ಆಫ್ ಮಾಡಿ ಬೇರೆ ಸಾಟಾ ಪೋರ್ಟಿಗೆ ಹಚ್ಚಿ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಡಿಸ್ಕ್ (ಬೋರ್ಡಿನ ಮೇಲೇ ಕೂರುವ ಸಣ್ಣ ಡಿಸ್ಕ್) ಇದ್ದರೆ ಒಂದೆರಡು ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತವೆ.

ಬಯಾಸ್‌ನಲ್ಲಿ ಕಂಡದ್ದು ವಿಂಡೋಸ್‌ನ ‘ದಿಸ್ ಪಿಸಿ’ಯಲ್ಲಿ ಕಾಣುವುದಿಲ್ಲ. ‘ಡೆಡ್ ಐತ್ರಿ’ ಶುರುವಾಗುವುದೇ ಇಲ್ಲಿಂದ. ಹೊಸ ಡಿಸ್ಕ್ ಗೆರೆ ಹೊಡೆಯದ ಖಾಲಿ ನೋಟ್‌ಬುಕ್ ಇದ್ದ ಹಾಗೆ. ಗೆರೆ ನೀವೇ ಹೊಡೆಯಬೇಕು.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಇನಿಶಿಯಲೈಸ್ ಡಿಸ್ಕ್’ ಎಂಬ ಕಿಟಕಿ ತಾನೇ ಬರುತ್ತದೆ. ಅದರಲ್ಲಿ ಜಿಪಿಟಿ ಆರಿಸಿ. ಎಂಬಿಆರ್ ಡಿಸ್ಕಿನ ಜಾಗದ ಲೆಕ್ಕ ಇಡುವ ಹಳೆಯ ಪದ್ಧತಿ, 2 ಟಿಬಿ ದಾಟಿದ ಜಾಗ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ನೀವು ಹಾಕಿದ್ದು ಹೊಸದಲ್ಲ, ಬೇರೆ ಕಂಪ್ಯೂಟರಿನಿಂದ ತೆಗೆದ ಫೈಲಿರುವ ಡಿಸ್ಕ್ ಆಗಿದ್ದರೆ ಕ್ಯಾನ್ಸಲ್ ಒತ್ತಿ ಎದ್ದುಬಿಡಿ, ಮುಂದಿನದು ನಿಮಗಲ್ಲ.

ಈಗ ಕೆಳಗಿನ ಅರ್ಧ ನೋಡಿ. ಸಾಲಾಗಿ ಡಿಸ್ಕ್ 0, ಡಿಸ್ಕ್ 1 ಎಂದಿರುತ್ತದೆ. ನೀಲಿ ಪಟ್ಟಿ ಇರುವುದು ತುಂಬಿದ ಹಳೆಯದು. ಕರಿ ಪಟ್ಟಿ, ‘ಅನ್‌ಅಲೊಕೇಟೆಡ್’ ಎಂದಿರುವುದು ನಿಮ್ಮ ಹೊಸದು. ನಂಬರ್ ನಂಬಬೇಡಿ. ಹೊಸದೇ 0 ಆಗಿ, ಹಳೆಯದು 1 ಆಗಿರಬಹುದು. ಬಣ್ಣ ನೋಡಿ, ಸೈಜ್ ನೋಡಿ.

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ ನಂಬರ್ ನಂಬಿದ. ಹೊಸದು ಯಾವಾಗಲೂ ‘1’ ಎಂದು ಯಾರೋ ಹೇಳಿದ್ದರಂತೆ. ಡಿಸ್ಕ್ 1ರ ಮೇಲೆ ‘ಡಿಲೀಟ್ ವಾಲ್ಯೂಮ್’ ಒತ್ತಿದ, ಆಮೇಲೆ ಫಾರ್ಮ್ಯಾಟ್ ಮಾಡಿದ. ಆರು ವರ್ಷದ ಲಗ್ನಪತ್ರಿಕೆಗಳ ಡಿಸೈನ್ ಅದರಲ್ಲಿದ್ದವು, ಅದೂ ಲಗ್ನದ ಸೀಜನ್ ನಡೆದಾಗ. ಮಾಲೀಕರು ನನ್ನ ಎದುರು ಡಿಸ್ಕ್ ಇಟ್ಟು, ‘ಎಷ್ಟ್ ಬರ್ತೈತಿ ಅಷ್ಟ್ ತಗದು ಕೊಡ್ರಿ’ ಎಂದಷ್ಟೇ ಅಂದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಫೈಲಿನ ಹೆಸರು ಮಾತ್ರ ಒಂದೂ ಉಳಿದಿರಲಿಲ್ಲ. ಒಂದೊಂದೇ ತೆರೆದು ವರ ಯಾರು, ವಧು ಯಾರು ಅಂತ ಓದಿ ಹೆಸರು ಇಡಬೇಕಾಯಿತು.

ಹೊಸ ಡಿಸ್ಕಿಗೆ ‘ಡಿಲೀಟ್’ ಎಂಬುದು ಬೇಕಾಗುವುದೇ ಇಲ್ಲ. ಆ ಶಬ್ದ ಕಂಡರೆ ನೀವು ತಪ್ಪು ಡಿಸ್ಕಿನ ಮೇಲೆ ಇದ್ದೀರಿ ಎಂದೇ ತಿಳಿಯಿರಿ. ಕರಿ ಪಟ್ಟಿಯ ಮೇಲೆ ರೈಟ್ ಕ್ಲಿಕ್, ‘ನ್ಯೂ ಸಿಂಪಲ್ ವಾಲ್ಯೂಮ್’, ನೆಕ್ಸ್ಟ್, ನೆಕ್ಸ್ಟ್, ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್, ಫಿನಿಶ್. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸಿದರೆ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ.

ಹೊಸ ಎಸ್ಎಸ್‌ಡಿಗೆ ವಿಂಡೋಸ್ಸನ್ನೇ ಹಾಕುವವರಿಗೆ ಇದ್ಯಾವುದೂ ಬೇಡ, ಸೆಟಪ್ ತಾನೇ ಮಾಡಿಕೊಳ್ಳುತ್ತದೆ. ಆದರೆ ಸೆಟಪ್ ಮುಗಿಯುವ ತನಕ ಹಳೆ ಡಿಸ್ಕಿನ ಡೇಟಾ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೆಯದರಲ್ಲೇ ಇಟ್ಟುಬಿಡಬಹುದು. ಆರು ತಿಂಗಳ ಮೇಲೆ ಹಳೆಯದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದೇ ಇಲ್ಲ.

ಒಂದು ದೊಡ್ಡ ಫೈಲ್ ಕಾಪಿ ಮಾಡಿ, ತೆರೆದು ನೋಡಿ. ತೆರೆಯಿತಾ? ಈಗ ತಗಡು ಮುಚ್ಚಿ.