ನುಗ್ಗಿ ತಪ್ಪಲು, ಹುಳಿ ಅಂಬಲಿ ಮತ್ತು ಹಳದಿಯಾದ ಪ್ಲೇಟು

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ನುಗ್ಗಿ ತಪ್ಪಲು, ಅಂದರೆ ನುಗ್ಗೆ ಸೊಪ್ಪು. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೋ ನೋಡಬೇಕಿತ್ತು. ಅದರಲ್ಲಿರುವ ಕ್ವೆರ್ಸೆಟಿನ್ ಎಂಬ ಸಸ್ಯದ ರಾಸಾಯನಿಕ ಹೆಚ್ಚಾಗಿ ಸಕ್ಕರೆಗೆ ಅಂಟಿಕೊಂಡೇ ಇರುತ್ತದೆ. ಆ ಸಕ್ಕರೆ ಕಳಚಿದರೆ ಸಾಮಾನ್ಯವಾಗಿ ಜೀವಕೋಶದೊಳಗೆ ಸುಲಭವಾಗಿ ಹೋಗುತ್ತದೆ. ಕಳಚುವುದು ಬೀಟಾ-ಗ್ಲುಕೋಸಿಡೇಸ್ ಎಂಬ ಕಿಣ್ವ. ಅದನ್ನು ಕೊಳ್ಳಲು ದುಡ್ಡಿರಲಿಲ್ಲ. ಸುಮ್ನೆ ಮನೆಯ ಜೋಳದ ಹುಳಿ ಅಂಬಲಿಯಲ್ಲೇ ಹುಡುಕಿದೆ.

ಎಸ್ಕ್ಯುಲಿನ್ ಕೂಡ ಸಕ್ಕರೆಗೆ ಅಂಟಿಕೊಂಡ ವಸ್ತು, ಕಿಣ್ವ ಆ ಸಕ್ಕರೆ ಕಳಚಿದರೆ ಉಳಿದದ್ದು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಎಸ್ಕ್ಯುಲಿನ್ ಮತ್ತು ಕಬ್ಬಿಣದ ಲವಣ ಹಾಕಿದ ಅಗಾರ್ ಎಂಬ ಜೆಲ್ಲಿಯ ಮೇಲೆ ಅಂಬಲಿ ಸವರಿಟ್ಟೆ. ಮರುದಿನ ಕೆಲವು ಕಾಲನಿಗಳ (ಬ್ಯಾಕ್ಟೀರಿಯಾ ಗುಂಪುಗಳ) ಸುತ್ತ ಮಸಿ ಚೆಲ್ಲಿದಂತೆ ಕಪ್ಪಾಗಿತ್ತು. ಕಿಣ್ವ ಇದ್ದದ್ದು ಅವುಗಳಲ್ಲೇ!

ತಪ್ಪಲಿನ ಪುಡಿಯ ಕಷಾಯವನ್ನು 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಂದು), ಆರಿದ ಮೇಲೆ ಆ ಬ್ಯಾಕ್ಟೀರಿಯಾ ಬಿಟ್ಟು, 37 ಡಿಗ್ರಿಯಲ್ಲಿ ಎರಡು ದಿನ ಇಟ್ಟೆ. ಆಮೇಲೆ ಲ್ಯಾಬಿನಲ್ಲಿ ಬೆಳೆಸುವ, ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳ ಮೇಲೆ ಹಾಕಿದೆ. ಎಲ್ಲಾ ಸತ್ತಿದ್ದವು. ಖುಷಿಯಲ್ಲಿ ಗೈಡ್ ಮೇಡಂಗೆ ಫೋನ್ ಹಚ್ಚಿದೆ.

"ಪ್ಲೇಟಿನ ಬಣ್ಣ ಯಾವುದೈತಿ ನೋಡು" ಅಂದರು.

ಹಳದಿ. ಕೋಶ ಬೆಳೆಸುವ ದ್ರವದಲ್ಲಿ ಫೀನಾಲ್ ರೆಡ್ ಎಂಬ ಬಣ್ಣ ಇರುತ್ತದೆ, ಹುಳಿ ಜಾಸ್ತಿಯಾದರೆ ಕೆಂಪು ಹೋಗಿ ಹಳದಿ ಬರುತ್ತದೆ. ಕೊಂದದ್ದು ನುಗ್ಗಿಯೋ, ಹುದುಗುವಾಗ ಬ್ಯಾಕ್ಟೀರಿಯಾ ಮಾಡಿದ ಲ್ಯಾಕ್ಟಿಕ್ ಆಮ್ಲವೋ? ಹುಳಿ ಮಜ್ಜಿಗೆ ಹಾಕಿದ್ದರೂ ಸಾಯುತ್ತಿದ್ದವು, ಅಲ್ವಾ?

ಮತ್ತೆ ಮೊದಲಿನಿಂದ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿ ಹಾಕಿ ಹುಳಿ ಇಳಿಸಿ ಪಿಎಚ್ 7.4ಕ್ಕೆ ತಂದೆ, ಬ್ಯಾಕ್ಟೀರಿಯಾ ತೆಗೆಯಲು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದೆ. ಹೋಲಿಸಿ ನೋಡಲು ಹುದುಗಿಸದ ಕಷಾಯ ಪ್ಲೇಟಿನ ಒಂದು ಸಾಲಿಗೆ, ತಪ್ಪಲಿಲ್ಲದೆ ಬ್ಯಾಕ್ಟೀರಿಯಾ ಮಾತ್ರ ಬೆಳೆದ ದ್ರವ ಇನ್ನೊಂದಕ್ಕೆ. ಇನ್ನೊಂದು ತಾಪತ್ರಯವೂ ಇತ್ತು. ಕೋಶ ಬದುಕಿದೆಯೋ ನೋಡಲು ಎಂಟಿಟಿ ಎಂಬ ಬಣ್ಣ ಹಾಕುತ್ತೇವೆ, ಬದುಕಿದ ಕೋಶಗಳು ಅದನ್ನು ಹಳದಿಯಿಂದ ನೇರಳೆ ಮಾಡಬೇಕು. ಕೋಶವೇ ಇಲ್ಲದ ಗುಳಿಯಲ್ಲೂ ಬರೀ ಕಷಾಯ ಅದನ್ನು ನೇರಳೆ ಮಾಡಿತು! ಹೀಗಾಗಿ ಎಂಟಿಟಿ ಹಾಕುವ ಮುಂಚೆ ಗುಳಿಗಳನ್ನು ತೊಳೆಯುವುದು ರೂಢಿಯಾಯಿತು.

ಈ ಸಲ ಸತ್ತ ಕೋಶಗಳು ಕಡಿಮೆ. ಆದರೂ ಹುದುಗಿಸದ ಕಷಾಯಕ್ಕಿಂತ ಹುದುಗಿಸಿದ್ದೇ ಹೆಚ್ಚು ಕೊಂದಿತ್ತು. ಮೊದಲಿನ ಫಲಿತಾಂಶಕ್ಕಿಂತ ಈ ಸಣ್ಣ ವ್ಯತ್ಯಾಸವನ್ನೇ ನಾನು ಹೆಚ್ಚು ನಂಬುತ್ತೇನೆ. ಆರೋಗ್ಯವಂತ ಕೋಶಗಳನ್ನೂ ಇದು ಕೊಲ್ಲುತ್ತದೋ ನೋಡುವುದು ಇನ್ನೂ ಬಾಕಿ ಇತ್ತು.

ಸುದ್ದಿ ಓಣಿಯಲ್ಲಿ ಹರಡಿತು. ಪಕ್ಕದ ಮನೆ ವೈನಿ ತಮ್ಮ ಅಕ್ಕನಿಗೆ ಒಂದು ಬಾಟಲಿ ಕೇಳಿದರು.

"ಬ್ಯಾಡ್ರಿ ವೈನಿ, ಇದು ಪ್ಲೇಟಿನಾಗಷ್ಟ ನೋಡಿದ್ದು. ಡಾಕ್ಟರ್ ಕೊಟ್ಟ ಔಷಧಿ ಬಿಡಬ್ಯಾಡ್ರಿ ಅಂತ ಹೇಳ್ರಿ."

"ಹಂಗಾರ ಅಂಬಲಿನರ ಕೊಡು" ಅಂದರು. ಅದನ್ನು ಕೊಟ್ಟೆ.