ಇಬ್ಬರೂ ಒಪ್ಪಿದ ವಿಚ್ಛೇದನಕ್ಕೆ ವಕೀಲರು ಬೇಕಾ? ನನ್ನ ಅನುಭವ

ಇಬ್ಬರೂ ಒಪ್ಪಿದ್ದೇವೆ, ಜಗಳ ಇಲ್ಲ, ಮತ್ತೆ ವಕೀಲರು ಯಾಕೆ? ನಾನೂ ನನ್ನ ಗಂಡನೂ ಮೊದಲು ಹೀಗೇ ಅಂದುಕೊಂಡಿದ್ದೆವು. ಬೇರೆ ಬೇರೆ ಮನೆ ಮಾಡಿ ಆಗಲೇ ಎರಡು ವರ್ಷ ದಾಟಿತ್ತು. ಮಗಳಿಗೆ ಏಳು ವರ್ಷ. ಸಿಟ್ಟೆಲ್ಲ ಇಳಿದು ಇಬ್ಬರಿಗೂ ಸುಸ್ತಾಗಿತ್ತು.

ಕಾನೂನು ಓದಿಕೊಂಡೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಚಿಕ್ಕದು. ಕಡಿಮೆ ಅಂದರೂ ಒಂದು ವರ್ಷ ಬೇರೆ ಇರಬೇಕು. ಒಟ್ಟಿಗೆ ಬಾಳಲು ಆಗುತ್ತಿಲ್ಲ, ಬಿಡುಗಡೆ ಕೊಡಿ ಎಂದು ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳು ಬಿಟ್ಟು, 18 ತಿಂಗಳೊಳಗೆ ಮತ್ತೆ ಬಂದು ಅದೇ ಮಾತು ಹೇಳಬೇಕು. ಇನ್ನು 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರು ಇರಲೇಬೇಕು ಅಂತೇನಿಲ್ಲ, ನಮ್ಮ ಕೇಸು ನಾವೇ ನಡೆಸಬಹುದು. ಇಷ್ಟು ಸಾಕು ಅನ್ನಿಸಿತು.

ಒಂದು ಭಾನುವಾರ ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಇಬ್ಬರೂ ಕೂತು ಷರತ್ತು ಬರೆದೆವು. ಮಗಳು ನನ್ನ ಹತ್ತಿರ. ಒಡವೆ ನನ್ನದು. ಫ್ಲಾಟು ಅವರದು, ಸಾಲವೂ ಅವರದು. ‘ಮಗಳ ಖರ್ಚು ಇಬ್ಬರೂ ನೋಡಿಕೊಳ್ಳುತ್ತೇವೆ.’ ಒಟ್ಟು ಒಂಬತ್ತು ಸಾಲು.

ಅದನ್ನು ಒಮ್ಮೆ ಯಾರಿಗಾದರೂ ತೋರಿಸು ಅಂತ ಅಕ್ಕ ಹಟ ಹಿಡಿದಳು. ಅವಳಿಗೆ ಗೊತ್ತಿದ್ದ ವಕೀಲರ ಹತ್ತಿರ ಹೋದೆವು. ಮೇಡಂ ಹಾಳೆ ಓದಿ, ಕೊನೇ ಸಾಲಿನ ಮೇಲೆ ಪೆನ್ನಿಟ್ಟರು. “ನೋಡಮ್ಮ, ನೋಡ್ಕೋತೀವಿ ಅಂದ್ರೆ ಎಷ್ಟು? ಯಾವ ತಾರೀಖು? ಸ್ಕೂಲ್ ಫೀಸ್ ಜಾಸ್ತಿ ಆದ್ರೆ? ಇವರು ಇನ್ನೊಂದು ಮದುವೆ ಆದ್ರೆ?” ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದಕ್ಕೂ ಉತ್ತರ ಇರಲಿಲ್ಲ.

ಆಮೇಲೆ ಸಾಲದ ವಿಷಯ. ಫ್ಲಾಟು ಗಂಡನ ಹೆಸರಲ್ಲಿ, ಆದರೆ ಗೃಹಸಾಲಕ್ಕೆ ನಾನೂ ಸಹ ಸಾಲಗಾರಳು. ‘ಸಾಲ ಅವರದು’ ಅಂತ ನಾವು ಬರೆದುಕೊಂಡರೆ, ಕೋರ್ಟು ಅದನ್ನೇ ಡಿಕ್ರಿಯಲ್ಲಿ, ಅಂದರೆ ವಿಚ್ಛೇದನದ ಅಂತಿಮ ಆದೇಶದಲ್ಲಿ, ಸೇರಿಸಿದರೂ, ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಅವರು ಕಂತು ನಿಲ್ಲಿಸಿದರೆ ಬ್ಯಾಂಕು ನನ್ನ ಬಾಗಿಲಿಗೇ ಬರುತ್ತದೆ. ನಾನು ಹೆದರಿದ್ದು ಅವತ್ತೇ. ಅವರೊಬ್ಬರ ಸಂಬಳದ ಮೇಲೆ ಸಾಲ ನಿಲ್ಲುತ್ತದೆಯೇ ಎಂದು ಬ್ಯಾಂಕು ಮತ್ತೆ ಲೆಕ್ಕ ಹಾಕಿ, ನನ್ನ ಹೆಸರು ತೆಗೆದು ಪತ್ರ ಕೊಡಬೇಕು. ಅದು ಕೈಗೆ ಬರುವವರೆಗೂ ಎರಡನೇ ಹೇಳಿಕೆ ಕೊಡಬೇಡಿ ಅಂದರು ಮೇಡಂ. ಡಿಕ್ರಿ ಆಗುವವರೆಗೆ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ಇಬ್ಬರಿಗೂ ಇದೆ. ಆದ್ದರಿಂದ ಕೊಡುವುದು ತೆಗೆದುಕೊಳ್ಳುವುದು ಏನಿದ್ದರೂ ಅದಕ್ಕೆ ಮುಂಚೆಯೇ ಮುಗಿಯಬೇಕು.

ಕೊನೆಗೆ ನಾವು ಮಾಡಿದ್ದು ಇಷ್ಟು. ಅರ್ಜಿ ಮತ್ತು ಒಪ್ಪಂದ ಬರೆದುಕೊಡಲು ಮಾತ್ರ ಮೇಡಂಗೆ ಫೀಸು ಕೊಟ್ಟೆವು. ಅದನ್ನು ಬೇರೆ ವಕೀಲರಿಗೂ ತೋರಿಸಿ ಅಂತ ಗಂಡನಿಗೆ ಹೇಳಿದವರೂ ಅವರೇ. ನನ್ನ ಗೌರವ ಅಲ್ಲೇ ಹೆಚ್ಚಾಯಿತು. ಒಂಬತ್ತು ಸಾಲು ಐದು ಪುಟ ಆಯಿತು. ದಸರಾ ರಜೆ ಯಾರ ಜೊತೆ, ಬೇಸಿಗೆ ರಜೆ ಯಾರ ಜೊತೆ, ಪಾಸ್‌ಪೋರ್ಟ್ ಅರ್ಜಿಗೆ ಸಹಿ ಯಾರದು, ಎಲ್ಲವೂ ಅದರಲ್ಲಿತ್ತು.

ಕೋರ್ಟಿಗೆ ನಾವೇ ಹೋದೆವು. ಬೆಂಗಳೂರಿನ ಕುಟುಂಬ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಮದುವೆ ಫೋಟೋ, ಲಗ್ನಪತ್ರಿಕೆ, ಆಧಾರ್, ಇಬ್ಬರ ಅಫಿಡವಿಟ್. ಬೇರೆ ಆದ ತಾರೀಖನ್ನು ಅರ್ಜಿಯಲ್ಲಿ ಒಂದು, ನನ್ನ ಅಫಿಡವಿಟ್‌ನಲ್ಲಿ ಒಂದು ಬರೆದಿದ್ದೆ. ಆಬ್ಜೆಕ್ಷನ್ ಹಾಕಿ ವಾಪಸ್ ಕೊಟ್ಟರು. ತಪ್ಪು ನನ್ನದೇ, ತಿದ್ದಿ ಕೊಟ್ಟೆ. ಮೀಡಿಯೇಶನ್‌ಗೂ, ಅಂದರೆ ಸಂಧಾನಕ್ಕೂ, ಕಳಿಸಿದರು. ಅಲ್ಲಿ ನನ್ನನ್ನು ಒಬ್ಬಳನ್ನೇ ಕೂರಿಸಿ, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದಾಗ ಅಳು ಬಂತು. ಒತ್ತಾಯ ಇರಲಿಲ್ಲ, ಆದರೂ ಬಂತು.

ಆರು ತಿಂಗಳ ಕಾಯುವಿಕೆಯನ್ನು ಜಡ್ಜ್ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆ ಇದ್ದು, ಜೀವನಾಂಶ, ಮಕ್ಕಳ ವಿಷಯ ಎಲ್ಲ ತೀರ್ಮಾನ ಆಗಿದ್ದು, ಮತ್ತೆ ಒಂದಾಗುವ ದಾರಿಯೇ ಇಲ್ಲದಿದ್ದರೆ ಮಾತ್ರ. ನಮಗೆ ಆ ಅವಕಾಶ ಇತ್ತು. ಬ್ಯಾಂಕಿನ ಪತ್ರ ಬಂದಿರಲಿಲ್ಲ ಅಂತ ನಾವು ಕೇಳಲಿಲ್ಲ, ಕಾದೆವು.

ಮಕ್ಕಳಿಲ್ಲ, ಸಾಲ ಇಲ್ಲ, ಇಬ್ಬರಿಗೂ ಸಂಪಾದನೆ ಇದೆ ಅಂದರೆ ನೀವೇ ಮಾಡಿಕೊಳ್ಳಬಹುದು ಅಂತಲೇ ನನ್ನ ಅನಿಸಿಕೆ. ಆದರೆ ಒಬ್ಬರಿಗೆ ಇನ್ನೊಬ್ಬರ ಭಯ ಇದ್ದರೆ ದಯವಿಟ್ಟು ಒಬ್ಬರೇ ಹೋಗಬೇಡಿ. ಗಂಡ ಅಥವಾ ಅವನ ಮನೆಯವರ ಕಿರುಕುಳದ ಕೇಸು (ಹಳೇ ಐಪಿಸಿಯ 498ಎ, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 85) ಬಾಕಿ ಇದ್ದರೂ ಅಷ್ಟೇ. ರಾಜಿ ಆಗಿದ್ದರೂ ಅದನ್ನು ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು. ದುಡ್ಡಿಲ್ಲ ಅಂತ ಹೆಣ್ಣುಮಕ್ಕಳು ಹಿಂಜರಿಯಬೇಕಾಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಬ್ಯಾಂಕಿನ ಪತ್ರ ಬಂದಿದ್ದು ಐದನೇ ತಿಂಗಳಲ್ಲಿ. ಅದನ್ನು ಮೇಡಂಗೆ ತೋರಿಸಿದೆ. ಲೋನ್ ನಂಬರ್, ನನ್ನ ಹೆಸರಿನ ಅಕ್ಷರ, ಸೀಲು, ಎಲ್ಲದರ ಮೇಲೂ ಬೆರಳಿಟ್ಟು ನೋಡಿದರು. “ಈಗ ಹೋಗಿ ಸಹಿ ಮಾಡಮ್ಮ” ಅಂದರು.